ಮಣ್ಣು ಹತ್ತಿದ ಹೆಬ್ಬೆರಳು

ಯೂರಿಯಾ ಸಿಗದೆ ಕೊಪ್ಪಳದ ರೈತರೊಬ್ಬರು ಮಣ್ಣು ತಿಂದ ವಿಡಿಯೊವನ್ನು ನೀವೂ ನೋಡಿದ್ದೀರಿ. 2025ರ ಜುಲೈ, ಮಣ್ಣೆತ್ತಿನ ಅಮಾವಾಸ್ಯೆ ಕಳೆದು ತಿಂಗಳಾಗಿತ್ತು. ಬೆಂಗಳೂರು ‘ಕಡಿಮೆ ಬಂತು’ ಎಂದಿತು, ದೆಹಲಿ ‘ಸಾಕಷ್ಟು ಕಳಿಸಿದ್ದೇವೆ’ ಎಂದಿತು. ಇಬ್ಬರ ಲೆಕ್ಕವೂ ಸರಿ, ಚೀಲ ಮಾತ್ರ ಕಾಣಲಿಲ್ಲ.

ಹಾಗೆಂದು ಸರ್ಕಾರಕ್ಕೆ ಮಣ್ಣಿನ ಮೇಲೆ ಅಕ್ಕರೆಯಿಲ್ಲ ಎನ್ನುವವರ ಬಾಯಿಗೆ ಹುಳ ಬೀಳಲಿ. (ಹುಳ ಸಿಕ್ಕರೆ! ಹೊಲದಲ್ಲಂತೂ ಉಳಿದಿಲ್ಲ.) 2015ರಲ್ಲೇ ರಾಜಸ್ಥಾನದ ಸೂರತ್‌ಗಢದಲ್ಲಿ ಮಣ್ಣು ಆರೋಗ್ಯ ಕಾರ್ಡ್ ಯೋಜನೆಗೆ ಚಾಲನೆ ಕೊಟ್ಟಾಗಿದೆ. ಯಲಬುರ್ಗಾ ಕಡೆಯ ನಮ್ಮ ಸೋದರಮಾವನ ಮನೆಯಲ್ಲೂ ಒಂದಿದೆ, ಲ್ಯಾಮಿನೇಟ್ ಮಾಡಿಸಿ ಕ್ಯಾಲೆಂಡರ್ ಪಕ್ಕ ತೂಗುಹಾಕಿದ್ದಾರೆ. ಸಾರಜನಕದಿಂದ ಬೋರಾನ್‌ವರೆಗೆ ಹನ್ನೆರಡು ಅಂಶ. ಪಕ್ಕದ ಹೊಲದವರ ಕಾರ್ಡಿನಲ್ಲೂ ಅವೇ ಅಂಕಿ, ದಶಮಾಂಶ ಸಮೇತ. ನಿಯಮವೇ ಹಾಗಿತ್ತು: ಮಳೆಯಾಶ್ರಿತ ನೆಲವಾದರೆ 10 ಹೆಕ್ಟೇರಿಗೆ ಒಂದು ಮಾದರಿ. ಓಣಿಯಲ್ಲಿ ಒಬ್ಬನ ರಕ್ತ ತೆಗೆದು ಎಲ್ಲರಿಗೂ ಸಕ್ಕರೆ ಕಾಯಿಲೆಯ ಮಾತ್ರೆ ಹಂಚಿದ ಹಾಗೆ. ಮಾವನ ಒಂದೇ ಹೊಲದಲ್ಲಿ ಮೇಲೆ ಕೆಂಪು ಮಸಾರಿ, ಇಳಿಜಾರಿನಲ್ಲಿ ಕಪ್ಪು ಎರೆ. ಅದು ಬೇರೆ ಮಾತು.

ಬದು, ಮರದ ಬುಡ, ತಿಪ್ಪೆಯ ಜಾಗ ಬಿಟ್ಟು ಮಣ್ಣು ತೆಗೆಯಬೇಕು ಎನ್ನುತ್ತದೆ ಪುಸ್ತಿಕೆ. ಮಾದರಿ ತೆಗೆಯಲು ಬಂದ ಹುಡುಗ ಬೈಕ್ ನಿಲ್ಲಿಸಿದ ಬೇವಿನ ಬುಡದಲ್ಲೇ ಅಗೆದ. ಬಿಸಿಲಿತ್ತು, ಪಾಪ.

ಮಾವ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, ‘ಎರೆಹುಳ ಎಷ್ಟಿವೆ ಎಂದು ಎಲ್ಲಿ ಬರೆದಿದ್ದಾರೆ?’ ಎಂದು ಕೇಳಿದರು. ಎಲ್ಲೂ ಇಲ್ಲ. ಸಾವಯವ ಇಂಗಾಲದ ಮುಂದೆ ‘ಕಡಿಮೆ’ ಎಂದಿತ್ತು, ಅಷ್ಟೆ. ನೆಲದೊಳಗಿನ ಜೀವಗಳ ಊಟವೇ ಅದು. ಮೊದಲು ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬಿಸುತ್ತಿದ್ದರು; ಒಂದು ರಾತ್ರಿಯ ಹಿಕ್ಕೆ, ಗಂಜಲಕ್ಕೆ ಕುರಿಯವರಿಗೆ ಕಾಳು ಅಳೆದು ಕೊಡುತ್ತಿದ್ದರು. ಬೆಳಿಗ್ಗೆ ಆ ಹೊಲಕ್ಕೆ ಕಾಲಿಟ್ಟರೆ ವಾಸನೆಯೇ ಬೇರೆ. ಈಗ ಕೊಟ್ಟಿಗೆ ಖಾಲಿ. ಟ್ರ್ಯಾಕ್ಟರ್ ಎಷ್ಟು ಡೀಸೆಲ್ ಕುಡಿದರೂ ಸಗಣಿ ಹಾಕುವುದಿಲ್ಲ.

ಯೂರಿಯಾ ಬಳಕೆ ತಗ್ಗಿಸಲು ಹೂಡಿದ ಉಪಾಯಕ್ಕೂ ಕೈಮುಗಿಯಬೇಕು. 2018ರಲ್ಲಿ 50 ಕೆ.ಜಿ. ಚೀಲ 45 ಕೆ.ಜಿ. ಆಯಿತು. ರೈತ ಚೀಲದ ಲೆಕ್ಕದಲ್ಲಿ ಎರಚುತ್ತಾನೆ, ಐದು ಕೆ.ಜಿ. ತಾನಾಗಿಯೇ ಉಳಿಯುತ್ತದೆ! ಗಂಧಕ ಲೇಪಿಸಿದ್ದಾದರೆ ಅದೇ ಬೆಲೆಗೆ 40. ಬಿಸ್ಕತ್ ಕಂಪನಿಯವರು ಇವರಿಂದ ಕಲಿತರೋ, ಇವರು ಅವರಿಂದಲೋ.

ಸಾಕು, ನಗು ಬರುತ್ತಿಲ್ಲ. ಯೂರಿಯಾ ಒಂದನ್ನೇ ಉಪ್ಪಿಗಿಂತ ಅಗ್ಗ ಮಾಡಿದವರು ನೀವು. ನೆಲಕ್ಕೆ ಚಟ ಹಿಡಿಸಿದವರು ನೀವು. ಅತಿಯಾಗಿ ಬಳಸುತ್ತಾನೆ ಎಂದು ರೈತನಿಗೆ ಬುದ್ಧಿ ಹೇಳುವವರೂ ನೀವೇ. ಆ ಸಬ್ಸಿಡಿಯಲ್ಲಿ ಗಾಡಿ ಕೊಟ್ಟಿಗೆ ಗೊಬ್ಬರಕ್ಕೆ ಇಷ್ಟು ಎಂದು ಕೊಡಿ ಎಂದರೆ ಕಿವಿ ಕೇಳುವುದಿಲ್ಲ.

ಮಾವ ನಸುಕಿನ ನಾಲ್ಕಕ್ಕೆ ಹೋಗಿ ಸಾಲಿನಲ್ಲಿ ಚಪ್ಪಲಿ ಇಟ್ಟು ಬಂದರು. ಮೂರನೆಯ ದಿನ ಎರಡು ಚೀಲ ಸಿಕ್ಕವು, ಬೇಡವೆಂದರೂ ಗಂಟುಹಾಕಿದ ಒಂದು ನ್ಯಾನೊ (ದ್ರವ) ಯೂರಿಯಾ ಬಾಟಲಿಯ ಸಮೇತ. ಮಣ್ಣಿನ ಕಾರ್ಡನ್ನು ಯಾರೂ ಕೇಳಲಿಲ್ಲ. ಆಧಾರ್ ಕೇಳಿದರು, ಹೆಬ್ಬೆರಳು ಒತ್ತಿಸಿದರು. ಯಂತ್ರ ಎರಡು ಸಲ ಒಪ್ಪಲಿಲ್ಲ.

‘ಮಣ್ಣಾಗಿದೆ ಯಜಮಾನರೇ, ಒರೆಸಿಕೊಂಡು ಬನ್ನಿ’ ಎಂದನಂತೆ ಅಂಗಡಿಯವನು.