ಸತ್ಯಾಂಶ: ಯುಡಿಐಡಿ ಕಾರ್ಡ್ ಇದ್ದರೆ ಖಾಸಗಿ ಕೆಲಸ ಖಚಿತವೇ?

‘ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ನೀಡುವ ವಿಶಿಷ್ಟ ಗುರುತಿನ ಚೀಟಿ) ತೋರಿಸಿದರೆ ಸಾಕು, ಖಾಸಗಿ ಕಂಪನಿಗಳೂ ಶೇ 4ರ ಮೀಸಲಾತಿಯಡಿ ಕೆಲಸ ಕೊಡಲೇಬೇಕು’ ಎಂಬ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಅರ್ಧಸತ್ಯ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯ್ದೆಯ 34ನೇ ಸೆಕ್ಷನ್ ಕನಿಷ್ಠ ಶೇ 4ರ ಮೀಸಲಾತಿಯನ್ನು ವಿಧಿಸಿರುವುದು ಸರ್ಕಾರಿ ಸಂಸ್ಥೆಗಳ ಹುದ್ದೆಗಳಿಗೆ. ಅದೂ ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿದೆಯೆಂದು ಪ್ರಮಾಣಪತ್ರ ಪಡೆದವರಿಗೆ, ಅಂದರೆ ಕಾರ್ಡಿನಲ್ಲಿ ಹಳದಿ ಅಥವಾ ನೀಲಿ ಪಟ್ಟಿಯಿರುವವರಿಗೆ. ಬಿಳಿ ಪಟ್ಟಿಯ ಕಾರ್ಡಿಗೆ ಈ ಮೀಸಲಾತಿ ಅನ್ವಯಿಸುವುದಿಲ್ಲ. ಖಾಸಗಿ ವಲಯದ ಕುರಿತು 35ನೇ ಸೆಕ್ಷನ್ ಹೇಳುವುದು ಬೇರೆ: ಸಿಬ್ಬಂದಿಯಲ್ಲಿ ಕನಿಷ್ಠ ಶೇ 5ರಷ್ಟು ಅಂಗವಿಕಲರಿರುವಂತಾಗಲು ಸರ್ಕಾರವು ತನ್ನ ಆರ್ಥಿಕ ಮಿತಿಯೊಳಗೆ ಉದ್ಯೋಗದಾತರಿಗೆ ಪ್ರೋತ್ಸಾಹ ನೀಡಬೇಕು. ಅಲ್ಲಿರುವುದು ಪ್ರೋತ್ಸಾಹವೇ ಹೊರತು ಕಡ್ಡಾಯವಲ್ಲ.

ಹಾಗೆಂದು ಖಾಸಗಿಯವರಿಗೆ ಹೊಣೆಯೇ ಇಲ್ಲವೆಂದಲ್ಲ (ನಿಜಕ್ಕೂ ಫಾರ್ವರ್ಡ್ ಆಗಬೇಕಾದ ಮಾತು ಇದು). 2017ರ ಕೇಂದ್ರ ನಿಯಮಗಳ ಪ್ರಕಾರ, 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯು ತನ್ನ ಸಮಾನ ಅವಕಾಶ ನೀತಿಯಲ್ಲಿ ಅಂಗವಿಕಲರಿಗೆ ಸೂಕ್ತವಾದ ಹುದ್ದೆಗಳ ಪಟ್ಟಿಯನ್ನೂ ಆಯ್ಕೆಯ ವಿಧಾನವನ್ನೂ ತಿಳಿಸಿ, ಸಂಪರ್ಕಾಧಿಕಾರಿಯೊಬ್ಬರನ್ನು ನೇಮಿಸಬೇಕು. ಅರ್ಜಿ ಹಾಕುವ ಮುನ್ನ ಆ ಪಟ್ಟಿಯನ್ನು ಕೇಳಿ ಪಡೆಯಬಹುದು.

ಕರ್ನಾಟಕದ ಹಳ್ಳಿಗಳಲ್ಲಿರುವವರು ಕಾರ್ಡಿನ ಬಗ್ಗೆ ವಿಚಾರಿಸಲು ಮೊದಲು ಹೋಗಬೇಕಾದದ್ದು ಗ್ರಾಮ ಪಂಚಾಯಿತಿಗೆ. ಅಲ್ಲಿ ಅಂಗವಿಕಲರ ನೆರವಿಗೆಂದೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುತ್ತಾರೆ.