ತಪ್ಪು ಏನು ಅಂತ ತೋರಿಸಲ್ಲ, ತಪ್ಪೊಪ್ಪಿಗೆ ಮಾತ್ರ ಬೇಕಂತೆ

"ತಪ್ಪಾಯ್ತು ಅಂತ ಒಂದು ಪತ್ರ ಬರೆದುಕೊಟ್ಟುಬಿಡಮ್ಮ, ಇಲ್ಲಿಗೇ ಮುಗಿಸೋಣ." ನನ್ನ ತಂಗಿಗೆ ಅವಳ ವಿಶ್ವವಿದ್ಯಾಲಯದವರು ಹೇಳಿದ ಮಾತು ಇದು. ಯಾವ ತಪ್ಪು ಸರ್ ಅಂತ ಕೇಳಿದರೆ ಉತ್ತರ ಇಲ್ಲ. ಕಂಪ್ಯೂಟರ್ ಪರದೆ ತೋರಿಸುತ್ತಾರೆ. ಅಲ್ಲಿ ಎರಡು ನಂಬರ್ ಇವೆ. ಅವಳ ಪ್ರಾಜೆಕ್ಟ್‌ನಲ್ಲಿ ಬೇರೆ ಬರಹಗಳ ಜೊತೆ ಹೋಲಿಕೆ 34%, ಎಐ (ಕೃತಕ ಬುದ್ಧಿಮತ್ತೆ) ಬರವಣಿಗೆ 58% ಅಂತ. ಅಷ್ಟೇ, ವಿಚಾರಣೆ ಮುಗೀತು!

ನಮ್ಮದು ಶಿಡ್ಲಘಟ್ಟ. ಅವಳು ಓದುತ್ತಿರುವುದು ಎಂ.ಕಾಂ, ಕೊನೆಯ ಸೆಮಿಸ್ಟರ್, ಬೆಂಗಳೂರು ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ. ಪ್ರಾಜೆಕ್ಟ್‌ಗೆ ನಮ್ಮೂರಿನ ರೇಷ್ಮೆಗೂಡಿನ ಮಾರುಕಟ್ಟೆಯನ್ನೇ ಆರಿಸಿಕೊಂಡಳು. ಗೂಡಿನ ಬೆಲೆ ಏರಿಳಿದರೆ ಗೂಡಿನಿಂದ ನೂಲು ತೆಗೆಯುವ ಸಣ್ಣ ರೀಲರ್‌ಗಳ ಗತಿ ಏನು ಅನ್ನೋದು ವಿಷಯ. ಹರಾಜಿನ ಹೊತ್ತಿಗೆ ಹೋಗಿ ಲಾಟ್‌ಗಳ ಮಧ್ಯೆ ನಿಂತು ನೋಡಿದ್ದಾಳೆ. ರೀಲರ್‌ಗಳ ಮನೆ ಮನೆಗೆ ಹೋಗಿದ್ದಾಳೆ. ಅವರು ಕನ್ನಡ, ತೆಲುಗು, ಉರ್ದು ಬೆರೆಸಿ ಹೇಳಿದ್ದನ್ನೆಲ್ಲ ಒಂದು ಉದ್ದ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದಾಳೆ. ಎಷ್ಟು ಕೆಜಿ ಗೂಡಿಗೆ ಎಷ್ಟು ನೂಲು ಬಂತು, ಸೌದೆಗೆಷ್ಟು, ಕೂಲಿಗೆಷ್ಟು, ಕೈಸಾಲದ ಬಡ್ಡಿ ಎಷ್ಟು, ಎಲ್ಲ ಇದೆ. ಗೂಡು ಬೇಯಿಸುವ ಕಡೆ ನಿಂತೇ ಬರೆದದ್ದು, ಹಾಗಾಗಿ ಕೆಲವು ಹಾಳೆ ನೀರು ಬಿದ್ದು ಉಬ್ಬಿವೆ. ಆ ನೋಟ್‌ಬುಕ್ ಅವಳ ಬ್ಯಾಗಿನಲ್ಲೇ ಇತ್ತು. ಒಬ್ಬರೂ ತೆಗೆದು ನೋಡಲಿಲ್ಲ. ಗೈಡ್ ಕೂಡ ಪಕ್ಕದಲ್ಲೇ ಕೂತಿದ್ದರು. ಅಧ್ಯಾಯ ಅಧ್ಯಾಯಕ್ಕೂ ಕೆಂಪು ಪೆನ್ನಿನಲ್ಲಿ ತಿದ್ದಿ ಸಹಿ ಹಾಕಿದ್ದವರು ಅವರೇ. ಆ ದಿನ ಬಾಯಿ ಬಿಡಲಿಲ್ಲ.

34% ಎಲ್ಲಿಂದ ಬಂತು? ಪೂರ್ತಿ ರಿಪೋರ್ಟ್ ಕೈಗೆ ಕೊಟ್ಟಿಲ್ಲ. ಅವರು ಪರದೆ ಮೇಲೆ ಸರಸರ ಇಳಿಸುವಾಗ ಇವಳ ಕಣ್ಣಿಗೆ ಬಿದ್ದಷ್ಟೇ ನಮಗೆ ಗೊತ್ತು. ಹೋಲಿಕೆ ಇದೆ ಅಂತ ಬಣ್ಣ ಬಳಿದ ಪುಟಗಳಲ್ಲಿ ಮೊದಲನೆಯದೇ ಪ್ರಮಾಣಪತ್ರ, ಆಮೇಲೆ ಘೋಷಣೆ. ಎರಡೂ ವಿಭಾಗದವರೇ ಕೊಟ್ಟ ಫಾರ್ಮ್ಯಾಟ್, ಒಂದಕ್ಷರ ಬದಲಿಸಬಾರದು ಅಂತ ಅವರೇ ತಾಕೀತು ಮಾಡಿದ್ದು. ಎಲ್ಲ ಮಕ್ಕಳದ್ದೂ ಹಾಗೇ ಇರುತ್ತೆ, ಅಲ್ವಾ? ಕೊನೆಯ ಗ್ರಂಥಸೂಚಿಗೂ ಬಣ್ಣ. ಪುಸ್ತಕದ ಹೆಸರನ್ನು ಯಾರು ಬರೆದರೂ ಒಂದೇ ತರ ಬರೆಯಬೇಕು ತಾನೇ?

ಇದಕ್ಕೆ ನಿಯಮ ಇಲ್ಲ ಅಂತಲ್ಲ. ಕೃತಿಚೌರ್ಯದ ಬಗ್ಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ನಿಯಮ ತಂದಿದೆ. ಸ್ನಾತಕೋತ್ತರ ಪ್ರಬಂಧಗಳಿಗೂ ಅದು ಅನ್ವಯ. ಗ್ರಂಥಸೂಚಿ, ಮೂಲ ಹೇಳಿ ಉದ್ಧರಿಸಿದ ಭಾಗ, ಪರಿವಿಡಿ ಇವನ್ನೆಲ್ಲ ಲೆಕ್ಕದಿಂದ ಬಿಡಬೇಕು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಸತತ 14 ಪದಗಳವರೆಗಿನ ಸಾಮಾನ್ಯ ಮಾತನ್ನೂ ಬಿಡಬೇಕು. ಅದೆಲ್ಲ ಕಳೆದು 10%ವರೆಗೆ ಬಂದರೆ ಶಿಕ್ಷೆಯೇ ಇಲ್ಲ. 10ರಿಂದ 40% ಇದ್ದರೆ 6 ತಿಂಗಳ ಒಳಗೆ ತಿದ್ದಿ ಮತ್ತೆ ಕೊಡಿ ಅಂತ ಹೇಳಬೇಕು, ಅಷ್ಟೇ. ವಿಭಾಗದ ಸಮಿತಿ ನೋಡಬೇಕು, ಅದರ ಮೇಲೆ ಸಂಸ್ಥೆಯ ಸಮಿತಿ ನೋಡಬೇಕು, ವರದಿಗೆ 45 ದಿನದ ಗಡುವು, ಸಹಜ ನ್ಯಾಯ ಪಾಲಿಸಬೇಕು. ಅಂದರೆ ಆರೋಪ ಏನು ಅಂತ ತಿಳಿಸಿ, ಸಾಕ್ಷಿ ತೋರಿಸಿ, ಅವಳ ಮಾತು ಕೇಳಿ. ತಪ್ಪೊಪ್ಪಿಗೆ ಪತ್ರ ಆ ಶಿಕ್ಷೆಗಳಲ್ಲಿ ಎಲ್ಲಿದೆ? ಯಾವ ಸಮಿತಿ, ಸದಸ್ಯರು ಯಾರು ಅಂತ ಕೇಳಿದ್ದಕ್ಕೆ "ಜಾಸ್ತಿ ಮಾತಾಡಬೇಡ, ನಿನಗೇ ತೊಂದರೆ" ಅಂದರಂತೆ.

ಎಐ ನಂಬರಿನ ಕಥೆ ಇನ್ನೂ ಹೊಟ್ಟೆ ಉರಿಸುತ್ತೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಇಂಥದ್ದೊಂದು ಪತ್ತೆ ಸಾಧನ ಬಿಟ್ಟಿತ್ತು. ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ಅವರೇ ವಾಪಸ್ ತಗೊಂಡರು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇಂಥ 7 ಸಾಧನಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ಸ್ವಂತವಾಗಿ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳನ್ನು ಅವು ಯಂತ್ರ ಬರೆದದ್ದು ಅಂದವು. ಅಮೆರಿಕದ ಶಾಲಾ ಮಕ್ಕಳು ಬರೆದದ್ದನ್ನು ಮಾತ್ರ ಬಹುತೇಕ ಸರಿಯಾಗಿ ಗುರುತಿಸಿದವು. ಕಾರಣ ಏನು ಗೊತ್ತಾ? ಕಲಿತ ಇಂಗ್ಲಿಷ್‌ನವರು ಗೊತ್ತಿರುವ ಕೆಲವೇ ಪದ ಬಳಸಿ ಸರಳವಾಗಿ, ಒಂದೇ ತರ ಬರೆಯುತ್ತಾರೆ. ಯಂತ್ರಕ್ಕೆ ಅದೇ ಅನುಮಾನ. ನನ್ನ ತಂಗಿ ಹತ್ತನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಒಂದೊಂದು ವಾಕ್ಯ ಕಟ್ಟಿದವಳು. ಕಷ್ಟಪಟ್ಟು ಇಂಗ್ಲಿಷ್ ಕಲಿತದ್ದೇ ಅವಳ ಮೇಲಿನ ಸಾಕ್ಷಿ ಆಗಿಹೋಯಿತು.

ಪರೀಕ್ಷಾ ಕೊಠಡಿಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದವನ ಕೇಸಿನಲ್ಲೂ ಚೀಟಿ ಇರುತ್ತೆ. ಅದನ್ನು ಉತ್ತರಪತ್ರಿಕೆ ಜೊತೆ ಲಗತ್ತಿಸಿ, ಮೇಲ್ವಿಚಾರಕರು ಸಹಿ ಹಾಕಿ ಕಳಿಸುತ್ತಾರೆ. ಇಲ್ಲಿ ಚೀಟಿ ಎಲ್ಲಿದೆ? ಯಾವ ಪುಸ್ತಕದಿಂದ ಯಾವ ಸಾಲು ಕದ್ದಳು?

ನಿಜವಾಗಿ ಮೋಸ ಮಾಡುವವರು ಇದ್ದಾರೆ, ನನಗೂ ಗೊತ್ತು, ಅವರನ್ನು ಹಿಡಿಯಲೇಬೇಕು. ದುಡ್ಡು ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ಬರೆಸಿಕೊಂಡು, ಬೈಂಡ್ ಮಾಡಿಸಿ ತರುವವರಿದ್ದಾರೆ. ಪರ್ಸೆಂಟೇಜ್ ಇಳಿಸಿಕೊಡೋಕೂ ಬೇರೆ ರೇಟ್ ಇದೆ. ಅಂಥವರು ಸಲೀಸಾಗಿ ಪಾಸಾಗುತ್ತಾರೆ, ಯಾಕಂದರೆ ನಂಬರ್ ಬಿಟ್ಟು ಬೇರೆ ಏನನ್ನೂ ಯಾರೂ ನೋಡಲ್ಲ. ಹತ್ತು ನಿಮಿಷ ಕೂರಿಸಿಕೊಂಡು "ರೀಲರ್‌ಗೆ ನಷ್ಟ ಎಲ್ಲಿ ಆಗುತ್ತೆ ಹೇಳಮ್ಮ" ಅಂತ ಕೇಳಿದ್ದರೆ ಸಾಕಿತ್ತು. ಇವಳು ಗಂಟೆಗಟ್ಟಲೆ ಹೇಳುತ್ತಿದ್ದಳು.

ಈಗ ವೈವಾ (ಮೌಖಿಕ ಪರೀಕ್ಷೆ) ನಿಂತಿದೆ, ರಿಸಲ್ಟ್ ತಡೆಹಿಡಿದಿದ್ದಾರೆ. ಚಿಕ್ಕಬಳ್ಳಾಪುರದ ಒಂದು ಆಡಿಟ್ ಆಫೀಸಿನಲ್ಲಿ ಕೆಲಸ ಕೊಡ್ತೀವಿ ಅಂದಿದ್ದರು. ಮಾರ್ಕ್ಸ್ ಕಾರ್ಡ್ ಯಾವಾಗ ಬರುತ್ತಮ್ಮ ಅಂತ ಅವರೂ ಕೇಳಿ ಕೇಳಿ ಸುಮ್ಮನಾದರು. ನಾಳೆ ಇವಳ ತಪ್ಪಿಲ್ಲ ಅಂತಾದರೂ ಆ ಕೆಲಸ ವಾಪಸ್ ಕೊಡಿಸ್ತಾರಾ ಇವರು? ಮೊನ್ನೆ ರಾತ್ರಿ "ಅಕ್ಕಾ, ಬರೆದುಕೊಟ್ಟುಬಿಡ್ಲಾ? ಸಾಕಾಗಿದೆ" ಅಂದಳು. ಅದಕ್ಕೇ ತಾನೇ ಅವರು ಕಾಯುತ್ತಿರುವುದು? ಆ ಪತ್ರ ಫೈಲಿಗೆ ಸೇರಿದರೆ ಅವರ ತನಿಖೆ ಸರಿ ಇತ್ತಾ ಅಂತ ಆಮೇಲೆ ಯಾರೂ ಕೇಳಲ್ಲ. ಇವಳ ಹೆಸರಿನ ಮುಂದೆ ಮಾತ್ರ ಕಳ್ಳಿ ಅಂತ ಉಳಿಯುತ್ತೆ.

ಪತ್ರ ಬರೆಯಲ್ಲ. ಪೂರ್ತಿ ರಿಪೋರ್ಟ್ ಕೊಡಿ, ಸಮಿತಿ ಮುಂದೆ ಕರೆಯಿರಿ, ತೀರ್ಮಾನವನ್ನು ಲಿಖಿತವಾಗಿ ತಿಳಿಸಿ ಅಂತ ಅರ್ಜಿ ಬರೆದಿದ್ದೇವೆ. ಸೋಮವಾರ ನಾನೂ ಜೊತೆಗೆ ಹೋಗುತ್ತೇನೆ. ಅರ್ಜಿ ತಗೊಂಡು ಸೀಲ್ ಹಾಕಿ ಸ್ವೀಕೃತಿ ಕೊಡುವವರೆಗೆ ಆ ಆಫೀಸಿನಿಂದ ಏಳಲ್ಲ.