ವಿಡಿಯೊ ಆಮೇಲೆ, ಮೊದಲು ದನಿ ಸರಿಯಾಗಿ ಕೇಳಲಿ

ಮನೆಯಲ್ಲೇ ಕೂತು ಡಾಕ್ಟರ್ ಹತ್ತಿರ ಮಾತಾಡುವ ವಿಷಯ ಬಂದರೆ ಎಲ್ಲರೂ ವಿಚಾರಿಸುವುದು ವಿಡಿಯೊ ಚೆನ್ನಾಗಿ ಬರುತ್ತಾ, ಕ್ಯಾಮೆರಾ ಹೇಗಿದೆ ಅಂತ. ದನಿ ಹೇಗಿದೆ ಅಂತ ಯಾರೂ ಕೇಳುವುದಿಲ್ಲ. ಚರ್ಮದ ಕಾಯಿಲೆ ಬಿಡಿ, ಅದಕ್ಕೆ ಚಿತ್ರವೇ ಬೇಕು. ಉಳಿದಂತೆ ಚಿತ್ರ ಸ್ವಲ್ಪ ಮಸುಕಾದರೂ ಡಾಕ್ಟರ್ ಹೇಗೋ ಸುಧಾರಿಸುತ್ತಾರೆ, ಮಾತು ಕಡಿದು ಕಡಿದು ಬಂದರೆ ಮಾತ್ರ ಏನೂ ಮಾಡಲು ಆಗುವುದಿಲ್ಲ.

ನನ್ನ ಅಮ್ಮ ತೀರ್ಥಹಳ್ಳಿ ಕಡೆ ಒಬ್ಬರೇ ಇರುತ್ತಾರೆ. ಶುಗರ್, ಬಿಪಿ ಎರಡೂ ಇದೆ. ಡಾಕ್ಟರ್ ಹತ್ತಿರ ಮಾತೆಲ್ಲ ಹೆಚ್ಚಾಗಿ ಫೋನಿನಲ್ಲೇ. ಎಂಬತ್ತು, ತೊಂಬತ್ತು ಎರಡೂ ಅವರ ಕಿವಿಗೆ ಒಂದೇ ಥರ ಬೀಳುತ್ತದೆ. ಶುಗರ್ ಲೆಕ್ಕದಲ್ಲಿ, ಮಾತ್ರೆ ಲೆಕ್ಕದಲ್ಲಿ ಇದು ಸಣ್ಣ ವಿಷಯ ಅಲ್ಲ. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಕಡಿಮೆಯಾಗುವುದು ಮೇಲಿನ ಸ್ಥಾಯಿಯ ಸದ್ದು ಕೇಳುವ ಶಕ್ತಿ. ಸ, ಶ, ತ, ಕ ಇಂಥ ಅಕ್ಷರಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಆ ಸದ್ದಿನಿಂದಲೇ. ಹಾಗಾಗಿ ನಾವು ಕಿರುಚಿದರೆ ಸ್ವರಗಳು ಜೋರಾಗುತ್ತವೆ, ಮಾತು ಸ್ಪಷ್ಟವಾಗುವುದಿಲ್ಲ. ಎಷ್ಟು ಸಲ ಹೇಳೋದಮ್ಮ ಅಂತ ರೇಗುವ ಮಕ್ಕಳು ಇದನ್ನು ತಿಳಿದುಕೊಳ್ಳಲೇಬೇಕು.

ಇದರ ಮೇಲೆ ಫೋನು ಬೇರೆ. ಹಳೆ ಕಾಲದ ಫೋನ್ ಕರೆ ಸಾಗಿಸುವುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ, ಅದು ಹೆಚ್ಚಾದಷ್ಟೂ ಸದ್ದಿನ ಸ್ಥಾಯಿ ಮೇಲೆ). 'ಸ' ಅನ್ನುವ ಸದ್ದಿನ ಹೆಚ್ಚಿನ ಪಾಲು 4000ಕ್ಕಿಂತ ಮೇಲಿದೆ. ಅಂದರೆ ಕಿವಿಯಲ್ಲಿ ಕಡಿಮೆಯಾಗಿದ್ದನ್ನೇ ಲೈನು ಕೂಡ ಕತ್ತರಿಸುತ್ತದೆ. ಈಗಿನ ಎಚ್‌ಡಿ ಕರೆಯಲ್ಲಿ ಇದು 7000 ಹರ್ಟ್ಸ್‌ವರೆಗೆ ಹೋಗುತ್ತದೆ, ವ್ಯತ್ಯಾಸ ಕೇಳಿದ ತಕ್ಷಣ ಗೊತ್ತಾಗುತ್ತದೆ, ಆದರೆ ಎರಡೂ ಕಡೆಯ ಫೋನು ಮತ್ತು ನೆಟ್‌ವರ್ಕ್ ಅದಕ್ಕೆ ಹೊಂದಬೇಕು.

ಎದೆ ಬಡಿತದ ಕಥೆ ಇದಕ್ಕೆ ಉಲ್ಟಾ. ಪ್ಯಾರಿಸ್‌ನಲ್ಲಿ ಲೆನೆಕ್ ಎಂಬ ವೈದ್ಯ 1816ರಲ್ಲಿ ಕಾಗದ ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ, ಸ್ಟೆತಸ್ಕೋಪ್ ಹುಟ್ಟಿದ್ದು ಹಾಗೆ. ಹೃದಯದ ಸದ್ದು ಹೆಚ್ಚಾಗಿ 200 ಹರ್ಟ್ಸ್‌ಗಿಂತ ಕೆಳಗಿರುತ್ತದೆ. ಹಳೆ ಥರದ ಕರೆ 300ಕ್ಕಿಂತ ಕೆಳಗಿನದನ್ನು ಸಾಗಿಸುವುದಿಲ್ಲ, ಹಾಗಾಗಿ ಫೋನನ್ನು ಎದೆಗೆ ಒತ್ತಿ ಹಿಡಿದರೆ ಡಾಕ್ಟರ್‌ಗೆ ಹೆಚ್ಚೇನೂ ಸಿಗುವುದಿಲ್ಲ. ವಿಡಿಯೊ ಕಾಲ್ ಆ್ಯಪ್‌ಗಳಂತೂ ಮಾತು ಬಿಟ್ಟು ಉಳಿದಿದ್ದೆಲ್ಲ ಗದ್ದಲ ಅಂದುಕೊಂಡು ಅಳಿಸುತ್ತವೆ, ಉಸಿರಿನ ಸದ್ದೂ ಅದರಲ್ಲೇ ಹೋಗುತ್ತದೆ. ಮೀಟಿಂಗಿಗೆ ಅದು ಸರಿ. ಉಬ್ಬಸದ ರೋಗಿಗೆ ಅಲ್ಲ.

ದೂರದಿಂದಲೇ ಡಾಕ್ಟರ್ ಸಲಹೆ ಕೊಡಿಸುವ ಕೇಂದ್ರ ಸರ್ಕಾರದ ಸೇವೆ ಇ-ಸಂಜೀವನಿ 2019ರಲ್ಲಿ ಶುರುವಾಯಿತು, 2020ರ ಲಾಕ್‌ಡೌನ್‌ನಲ್ಲಿ ಮನೆಯಿಂದಲೇ ಮಾತಾಡುವ ಸೌಲಭ್ಯವೂ ಬಂತು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದೂರದ ಡಾಕ್ಟರ್‌ಗೆ ಕರೆ ಮಾಡುವ ಪದ್ಧತಿ ನನಗೆ ತುಂಬಾ ಇಷ್ಟ, ಯಾಕೆಂದರೆ ಅಲ್ಲಿ ರೋಗಿಯನ್ನು ಮುಟ್ಟಿ ನೋಡುವವರು ಒಬ್ಬರಾದರೂ ಇರುತ್ತಾರೆ, ಕೇಳಿಸದಿದ್ದರೆ ಇನ್ನೊಮ್ಮೆ ಹೇಳುವವರೂ ಇರುತ್ತಾರೆ. ಅಂಥ ಪ್ರತಿ ಕೋಣೆಗೂ ಒಂದು ಒಳ್ಳೆ ಮೈಕು, ಎದೆ ಸದ್ದನ್ನು ಕೆಡಿಸದೆ ಕಳಿಸುವ ಡಿಜಿಟಲ್ ಸ್ಟೆತಸ್ಕೋಪ್, ಬಾಗಿಲು ಹಾಕಿದರೆ ಹೊರಗಿನ ಗಲಾಟೆ ಒಳಗೆ ಬರದಂಥ ಜಾಗ ಕೊಡಲೇಬೇಕು. ದೊಡ್ಡ ಟಿವಿ ಆಮೇಲೆ ಬರಲಿ.

ಕೆಮ್ಮು ಕೇಳಿ ಕಾಯಿಲೆ ಗುರುತಿಸುವ ಕೆಲಸವೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಐಐಎಸ್‌ಸಿಯವರು 2020ರಲ್ಲಿ ಕೋಸ್ವರ ಅಂತ ಯೋಜನೆ ಮಾಡಿ ಜನರ ಕೆಮ್ಮು, ಉಸಿರು, ಮಾತು ಎಲ್ಲ ರೆಕಾರ್ಡ್ ಮಾಡಿ ಕೋವಿಡ್ ಪತ್ತೆಗೆ ಪ್ರಯತ್ನಿಸಿದರು. ಒಳ್ಳೆ ಕೆಲಸ. ಯಾರನ್ನು ಮೊದಲು ಪರೀಕ್ಷೆಗೆ ಕಳಿಸಬೇಕು ಅಂತ ಆರಿಸಲು ಇಂಥದ್ದು ನೆರವಾಗಬಹುದು, ಆದರೆ ಕೆಮ್ಮಿದರೆ ಸಾಕು ರೋಗ ಹೇಳುತ್ತೇವೆ ಅಂತ ಆ್ಯಪ್ ಮಾರುವವರನ್ನು ನಾನು ನಂಬುವುದಿಲ್ಲ.

ಇನ್ನು ಸ್ಮಾರ್ಟ್ ಮನೆ. ಮೊಣಕಾಲು ನೋವಿರುವ ಅಮ್ಮ ರಾತ್ರಿ ಕತ್ತಲಲ್ಲಿ ಸ್ವಿಚ್ ಹುಡುಕುತ್ತಾ ಬೀಳುವ ಬದಲು ಬಾಯಲ್ಲಿ ಹೇಳಿ ದೀಪ ಹಾಕಿಸಿಕೊಂಡರೆ ಅದು ಶೋಕಿ ಅಲ್ಲ, ಅಲ್ವಾ? ಅಮ್ಮನ ಕೋಣೆಗೂ ಹೇಳಿದ ಮಾತು ಕೇಳಿ ಕೆಲಸ ಮಾಡುವ ಒಂದು ಸ್ಪೀಕರ್ ತಂದಿಟ್ಟೆವು. ಅದಕ್ಕೆ ಅವರ ಭಾಷೆಯೇ ಬರುವುದಿಲ್ಲ. ಅಮೆಜಾನ್ ಸ್ಪೀಕರಿನ ಅಲೆಕ್ಸಾಗೆ 2019ರಲ್ಲೇ ಹಿಂದಿ ಬಂತು, ಕನ್ನಡದ ಸರದಿ ಇನ್ನೂ ಬಂದಿಲ್ಲ. ಫೋನಿನಲ್ಲಿರುವ ಗೂಗಲ್ ಅಸಿಸ್ಟೆಂಟ್‌ಗೆ ಕನ್ನಡ ತಿಳಿಯುತ್ತದೆ, ಆದರೆ ಹಲ್ಲಿಲ್ಲದ ಬಾಯಿಂದ ನಿಧಾನವಾಗಿ, ನಡುವೆ ನಿಲ್ಲಿಸಿ ನಿಲ್ಲಿಸಿ ಬರುವ ಮಲೆನಾಡಿನ ಕನ್ನಡ ಅದಕ್ಕೆ ಕಷ್ಟ. ಯಂತ್ರಕ್ಕೆ ನಮ್ಮ ಮಾತು ತಿಳಿಯುವಂತೆ ಮಾಡಲು ಐಐಎಸ್‌ಸಿಯ ರೆಸ್ಪಿನ್ ಯೋಜನೆಯಲ್ಲಿ ಕನ್ನಡವೂ ಸೇರಿ 9 ಭಾಷೆಗಳ ಬೇರೆ ಬೇರೆ ಪ್ರದೇಶದ ಮಾತನ್ನು ರೆಕಾರ್ಡ್ ಮಾಡಿದ್ದಾರೆ. ಇಂಥ ಕೆಲಸಕ್ಕೆ ಹಣ ಇನ್ನೂ ಜಾಸ್ತಿ ಬರಬೇಕು, ಅದರಲ್ಲೂ ವಯಸ್ಸಾದವರ ದನಿ ಸೇರಿಸಲು. ಕೀಲುನೋವು, ಕಣ್ಣು ಮಂಜು, ಒಂಟಿತನ ಇರುವುದು ಅವರಿಗೇ ತಾನೆ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ವೈಫೈ ಹೋಗುತ್ತದೆ, ಸ್ಪೀಕರ್ ಸುಮ್ನೆ ಕೂರುತ್ತದೆ. ಹಾಗಾಗಿ ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿಸಿ, ದಿಂಬಿನ ಪಕ್ಕ ಗುಂಡಿ ಇರುವ ಸಾದಾ ಫೋನ್ ಇಡಿ, ಅದರಲ್ಲಿ ತುರ್ತು ಸಹಾಯದ 112 ಮತ್ತು ಪಕ್ಕದ ಮನೆಯವರ ನಂಬರ್ ಒಂದೇ ಒತ್ತಿಗೆ ಹೋಗುವಂತೆ ಮಾಡಿ. ಸ್ಪೀಕರಿನ ಮೈಕ್ ಬಂದ್ ಮಾಡುವ ಗುಂಡಿ ಎಲ್ಲಿದೆ ಅಂತ ಅಮ್ಮನಿಗೆ ತೋರಿಸಿ. ಅದು ಅವರ ಮನೆ, ಅಲ್ಲಿ ಯಾವಾಗ ಯಾರು ಕೇಳಬೇಕು ಅಂತ ಹೇಳುವವರು ಅವರು.

ಮತ್ತೆ, ಇದೆಲ್ಲ ಕೊಳ್ಳುವ ಮುಂಚೆ ಅಪ್ಪ ಅಮ್ಮನ ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಅದು ಶುರುವಾಗಿದ್ದು 1965ರಲ್ಲಿ. ಎಷ್ಟೋ ಮನೆಯಲ್ಲಿ ಸ್ಮಾರ್ಟ್ ಸ್ಪೀಕರ್ ಇದೆ, ಬೇಕಾಗಿರುವ ಶ್ರವಣ ಸಾಧನ ಇಲ್ಲ.